ವಾಹನಕ್ಕೆ ಸರಿಯಾದ ಟ್ರಾನ್ಸ್‌ಮಿಷನ್ ಆಯಿಲ್ ಆಯ್ಕೆ: ಕೊಪ್ಪಳ ಜಿಲ್ಲೆಯ ವಾಹನ ಮಾಲೀಕರಿಗೆ ಮಾಹಿತಿ

1. ಪೀಠಿಕೆ

ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳ ಹಾಗೂ ನಂತರದಲ್ಲಿ ರಚನೆಯಾದ ಕಾರಟಗಿ, ಕನಕಗಿರಿ ಮತ್ತು ಕುಕನೂರು ತಾಲ್ಲೂಕುಗಳ ವಾಹನ ಮಾಲೀಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿ ಪ್ರದೇಶದ ಗದ್ದೆಗಳಲ್ಲಿ ಕೆಸರು ಹೊಡೆಯುವ ಟ್ರ್ಯಾಕ್ಟರ್‌ಗಳು, ಕುಷ್ಟಗಿ ಮತ್ತು ಯಲಬುರ್ಗಾ ಭಾಗದ ಎರೆ ಹಾಗೂ ಮಸಾರಿ ಹೊಲಗಳಲ್ಲಿ ದುಡಿಯುವ ವಾಹನಗಳು, ಭತ್ತವನ್ನು ಅಕ್ಕಿ ಗಿರಣಿಗಳಿಗೆ ಸಾಗಿಸುವ ಟ್ರೇಲರ್‌ಗಳು ಹಾಗೂ ಇತ್ತೀಚಿನ ವರ್ಷಗಳಲ್ಲಿ ಹೆಚ್ಚಾಗಿ ಕಂಡುಬರುತ್ತಿರುವ ಆಟೊಮ್ಯಾಟಿಕ್ ಕಾರುಗಳು, ಇವೆಲ್ಲವುಗಳಿಗೂ ಗೇರ್‌ಬಾಕ್ಸ್ ಇರುತ್ತದೆ. ಆದರೆ ಎಲ್ಲ ಗೇರ್‌ಬಾಕ್ಸ್‌ಗಳಿಗೂ ಒಂದೇ ಆಯಿಲ್ ಸಲ್ಲುವುದಿಲ್ಲ.

ಆಯಿಲ್‌ನ ಬಣ್ಣ, ಬೆಲೆ, ಕಂಪನಿಯ ಹೆಸರು ಅಥವಾ ಅಂಗಡಿಯವರ ಸಲಹೆ ಇವುಗಳಲ್ಲಿ ಯಾವುದೂ ಆಯ್ಕೆಗೆ ಆಧಾರವಾಗತಕ್ಕದ್ದಲ್ಲ. ವಾಹನದ ಮಾಲೀಕರ ಕೈಪಿಡಿಯಲ್ಲಿ ಮುದ್ರಿತವಾಗಿರುವ ಮಾನದಂಡದ ಹೆಸರು ಮಾತ್ರ ಆಧಾರವಾಗಿರುತ್ತದೆ. ಕಾರಿನಲ್ಲಿ ಈ ನಿಯಮವನ್ನು ಮೀರಿದಲ್ಲಿ ದುಬಾರಿಯಾದ ಗೇರ್‌ಬಾಕ್ಸ್ ಹಾಳಾಗಬಹುದು. ಟ್ರ್ಯಾಕ್ಟರ್‌ನಲ್ಲಿ ಮೀರಿದಲ್ಲಿ ಬ್ರೇಕ್ ದುರ್ಬಲವಾಗಿ ಪ್ರಾಣಕ್ಕೇ ಅಪಾಯ ಒದಗಬಹುದು.

2. ಟ್ರಾನ್ಸ್‌ಮಿಷನ್ ಆಯಿಲ್ ಮಾಡುವ ಕೆಲಸ

ಕೈಯಿಂದ ಗೇರ್ ಬದಲಿಸುವ ವಾಹನದಲ್ಲಿ ಗೇರ್ ಆಯಿಲ್‌ನ ಮುಖ್ಯ ಕೆಲಸ ಹಲ್ಲುಗಳ ಸವೆತವನ್ನು ತಡೆಯುವುದು ಮತ್ತು ಬೇರಿಂಗ್‌ಗಳನ್ನು ತಂಪಾಗಿಡುವುದು. ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನಲ್ಲಿ ಆಯಿಲ್ ಇದಕ್ಕಿಂತ ಹೆಚ್ಚಿನ ಹೊಣೆ ಹೊರುತ್ತದೆ. ಎಂಜಿನ್‌ನ ಶಕ್ತಿಯನ್ನು ಟಾರ್ಕ್ ಕನ್ವರ್ಟರ್‌ನ ಮೂಲಕ ಚಕ್ರಗಳತ್ತ ರವಾನಿಸುವುದು, ಒತ್ತಡದಿಂದ ಕ್ಲಚ್‌ಗಳನ್ನು ಹಿಡಿಸುವುದು ಮತ್ತು ಬಿಡಿಸುವುದು, ಶಾಖವನ್ನು ಹೊರಕ್ಕೆ ಒಯ್ಯುವುದು, ಈ ಎಲ್ಲ ಕೆಲಸಗಳನ್ನೂ ಅದೇ ಆಯಿಲ್ ನಿರ್ವಹಿಸುತ್ತದೆ.

ಕ್ಲಚ್ ತಟ್ಟೆಗಳು ಪರಸ್ಪರ ಹಿಡಿಯುವಾಗ ಎಷ್ಟು ಜಾರಬೇಕು, ಎಷ್ಟು ಬಿಗಿಯಬೇಕು ಎಂಬುದನ್ನು ಆಯಿಲ್‌ಗೆ ಬೆರೆಸಿದ ರಾಸಾಯನಿಕಗಳು ನಿರ್ಧರಿಸುತ್ತವೆ. ಒಂದು ತಯಾರಕರ ಗೇರ್‌ಬಾಕ್ಸ್ ಒಂದು ಬಗೆಯ ಘರ್ಷಣೆಗೆ ಹೊಂದಿಸಲ್ಪಟ್ಟಿದ್ದರೆ ಮತ್ತೊಬ್ಬರದು ಬೇರೊಂದು ಬಗೆಗೆ ಹೊಂದಿಸಲ್ಪಟ್ಟಿರುತ್ತದೆ. ಆದ್ದರಿಂದ ಉತ್ತಮ ದರ್ಜೆಯ ಆಯಿಲ್ ಆಗಿದ್ದರೂ ಆ ಗೇರ್‌ಬಾಕ್ಸ್‌ಗೆ ಸಲ್ಲದ್ದಾದರೆ ಗೇರ್ ಬೀಳುವಾಗ ಜಗ್ಗುವುದು, ನಡುಗುವುದು ಅಥವಾ ಕ್ಲಚ್ ಜಾರಿ ಸುಡುವುದು ಸಂಭವಿಸುತ್ತದೆ.

3. ನಿಮ್ಮ ವಾಹನದ ಗೇರ್‌ಬಾಕ್ಸ್ ಯಾವ ಬಗೆಯದು?

ಆಯಿಲ್ ಖರೀದಿಸುವ ಮೊದಲು ಗೇರ್‌ಬಾಕ್ಸ್‌ನ ಬಗೆಯನ್ನು ತಿಳಿದುಕೊಳ್ಳತಕ್ಕದ್ದು. ಕ್ಲಚ್ ಪೆಡಲ್ ಇಲ್ಲವೆಂಬ ಕಾರಣಕ್ಕೆ ಎಲ್ಲ ವಾಹನಗಳಿಗೂ ಎಟಿಎಫ್ ಎಂದು ಕರೆಯಲಾಗುವ ಆಟೊಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್ ಹಾಕುವುದು ತಪ್ಪು. ಬಗೆಗಳು ಈ ಕೆಳಕಂಡಂತಿವೆ.

ಅ) ಟಾರ್ಕ್ ಕನ್ವರ್ಟರ್ ಆಟೊಮ್ಯಾಟಿಕ್: ಇದಕ್ಕೆ ತಯಾರಕರು ಸೂಚಿಸಿದ ಎಟಿಎಫ್ ಹಾಕತಕ್ಕದ್ದು. ಉದಾಹರಣೆಗೆ, ಟೊಯೋಟಾ ಇನ್ನೋವಾ ಕ್ರಿಸ್ಟಾ ಆಟೊಮ್ಯಾಟಿಕ್ ವಾಹನಕ್ಕೆ ಡಬ್ಲ್ಯುಎಸ್ ಮಾನದಂಡದ ಎಟಿಎಫ್ ಸೂಚಿಸಲಾಗಿದೆ.

ಆ) ಸಿವಿಟಿ: ಇದರಲ್ಲಿ ಹಲ್ಲಿನ ಗೇರ್‌ಗಳ ಬದಲು ಎರಡು ರಾಟೆಗಳ ನಡುವೆ ಉಕ್ಕಿನ ಬೆಲ್ಟ್ ಓಡುತ್ತದೆ. ಉಕ್ಕು ಉಕ್ಕನ್ನು ಜಾರದಂತೆ ಹಿಡಿಯಲು ವಿಶೇಷ ಸಿವಿಟಿ ಫ್ಲೂಯಿಡ್ ಅವಶ್ಯ. ಸಾಮಾನ್ಯ ಎಟಿಎಫ್ ಹಾಕಿದಲ್ಲಿ ಬೆಲ್ಟ್ ಜಾರಿ ರಾಟೆಗಳ ಮೇಲೆ ಗೀರುಗಳು ಬೀಳುತ್ತವೆ. ಅನಂತರ ಸರಿಯಾದ ಆಯಿಲ್ ಹಾಕಿದರೂ ಆ ಹಾನಿ ಸರಿಹೋಗುವುದಿಲ್ಲ.

ಇ) ಎಎಂಟಿ: ಭಾರತದಲ್ಲಿ 2014ರಲ್ಲಿ ಮಾರುತಿ ಸುಜುಕಿ ಸೆಲೆರಿಯೊ ಕಾರಿನೊಂದಿಗೆ ಜನಪ್ರಿಯವಾದ ಬಗೆ ಇದು. ಇದು ಒಳಗೆ ಸಾಧಾರಣ ಮ್ಯಾನ್ಯುಯಲ್ ಗೇರ್‌ಬಾಕ್ಸ್ ಆಗಿದ್ದು, ಕ್ಲಚ್ ಒತ್ತುವ ಮತ್ತು ಗೇರ್ ಹಾಕುವ ಕೆಲಸವನ್ನು ಮಾತ್ರ ಯಂತ್ರವು ಮಾಡುತ್ತದೆ. ಆದ್ದರಿಂದ ಇದಕ್ಕೆ ಮ್ಯಾನ್ಯುಯಲ್ ಗೇರ್ ಆಯಿಲ್ ಬೇಕಾಗುತ್ತದೆಯೇ ಹೊರತು ಎಟಿಎಫ್ ಅಲ್ಲ. ಗೇರ್ ಬದಲಿಸುವ ಯಂತ್ರವು ಹೈಡ್ರಾಲಿಕ್ ಬಗೆಯದಾಗಿದ್ದಲ್ಲಿ ಅದಕ್ಕೆ ಪ್ರತ್ಯೇಕ ದ್ರವವಿರುತ್ತದೆ. ಇವೆರಡನ್ನೂ ಅದಲುಬದಲು ಮಾಡತಕ್ಕದ್ದಲ್ಲ.

ಈ) ಡ್ಯುಯಲ್ ಕ್ಲಚ್: ಕ್ಲಚ್‌ಗಳು ಆಯಿಲ್‌ನಲ್ಲಿ ಮುಳುಗಿರುವ ಬಗೆ ಮತ್ತು ಒಣಗಿರುವ ಬಗೆ ಎಂದು ಎರಡು ವಿಧಗಳಿವೆ. ಎರಡಕ್ಕೂ ಬೇರೆ ಬೇರೆ ಆಯಿಲ್ ಬೇಕಾಗುವುದರಿಂದ ಕೈಪಿಡಿಯನ್ನು ನೋಡದೆ ಮುಂದುವರಿಯತಕ್ಕದ್ದಲ್ಲ.

ಉ) ಗೇರ್‌ರಹಿತ ಸ್ಕೂಟರ್: ಇದರ ಬೆಲ್ಟ್ ಒಣಗಿಯೇ ಇರಬೇಕು. ಹಿಂದಿನ ಚಕ್ರದ ಬಳಿಯ ಚಿಕ್ಕ ಗೇರ್ ಪೆಟ್ಟಿಗೆಗೆ ಮಾತ್ರ ಅಲ್ಪ ಪ್ರಮಾಣದ ಆಯಿಲ್ ಇರುತ್ತದೆ.

ಊ) ಮೋಟಾರ್ ಸೈಕಲ್: ಬಹುತೇಕ ಮೋಟಾರ್ ಸೈಕಲ್‌ಗಳಲ್ಲಿ ಎಂಜಿನ್, ಕ್ಲಚ್ ಮತ್ತು ಗೇರ್‌ಗಳಿಗೆ ಒಂದೇ ಆಯಿಲ್ ಇರುತ್ತದೆ. ಜಾಸೊ ಎಂಎ ಅಥವಾ ಎಂಎ2 ಎಂದು ನಮೂದಿಸಿದ ಆಯಿಲ್ ಬಳಸತಕ್ಕದ್ದು. ಘರ್ಷಣೆ ತಗ್ಗಿಸುವ ರಾಸಾಯನಿಕವಿರುವ ಕಾರಿನ ಎಂಜಿನ್ ಆಯಿಲ್‌ನಿಂದ ಕ್ಲಚ್ ಜಾರುತ್ತದೆ.

4. ಮಾನದಂಡದ ಹೆಸರನ್ನು ಓದುವ ಕ್ರಮ

ಎಟಿಎಫ್‌ಗೆ ಮೊದಲ ಮಾನದಂಡವನ್ನು ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯು 1949ರಲ್ಲಿ ಟೈಪ್-ಎ ಎಂಬ ಹೆಸರಿನಲ್ಲಿ ರೂಪಿಸಿತು. ಮುಂದೆ ಅದೇ ಕಂಪನಿಯ ಡೆಕ್ಸ್‌ರಾನ್ ಸರಣಿಯು ಪ್ರಚಾರಕ್ಕೆ ಬಂದು, 2005ರಲ್ಲಿ ಡೆಕ್ಸ್‌ರಾನ್-6 ಪ್ರಕಟವಾಯಿತು. ಡೆಕ್ಸ್‌ರಾನ್-3ಕ್ಕೆ ಪರವಾನಗಿ ನೀಡುವುದನ್ನು 2006ರ ಅಂತ್ಯಕ್ಕೆ ನಿಲ್ಲಿಸಲಾಯಿತು. ಆದಾಗ್ಯೂ ಆ ಹೆಸರಿನ ಡಬ್ಬಿಗಳು ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಅವುಗಳ ಗುಣಮಟ್ಟಕ್ಕೆ ಆಯಿಲ್ ತಯಾರಕರ ಹೇಳಿಕೆಯೇ ಆಧಾರವೆಂಬುದನ್ನು ಗ್ರಾಹಕರು ಗಮನಿಸತಕ್ಕದ್ದು. ಹಲವು ವಾಹನಗಳ ಪವರ್ ಸ್ಟೀರಿಂಗ್‌ಗೆ ಡೆಕ್ಸ್‌ರಾನ್ ಬಗೆಯ ಎಟಿಎಫ್ ಸೂಚಿಸಲ್ಪಟ್ಟಿರುತ್ತದೆ. ಆದರೆ ಪವರ್ ಸ್ಟೀರಿಂಗ್‌ಗೆ ಸಲ್ಲುವ ಎಟಿಎಫ್ ಅದೇ ವಾಹನದ ಗೇರ್‌ಬಾಕ್ಸ್‌ಗೂ ಸಲ್ಲುತ್ತದೆ ಎಂದು ಭಾವಿಸಬಾರದು.

ಒಂದೇ ಹೆಸರಿನ ಕಾರಿಗೆ ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆ ಆಯಿಲ್ ಇರಬಹುದು. ಹೋಂಡಾ ಸಿಟಿ ಇದಕ್ಕೆ ಉತ್ತಮ ನಿದರ್ಶನ. 2008ಕ್ಕೆ ಮೊದಲಿನ ತಲೆಮಾರಿನ ಸಿಟಿಯಲ್ಲಿ ಸಿವಿಟಿ ಇದ್ದು, ಅದಕ್ಕೆ ಹೋಂಡಾದ ಎಚ್‌ಎಂಎಂಎಫ್ ದ್ರವ ಸೂಚಿಸಲಾಗಿತ್ತು. 2008ರಲ್ಲಿ ಬಂದ ತಲೆಮಾರಿನಲ್ಲಿ ಐದು ಗೇರ್‌ಗಳ ಟಾರ್ಕ್ ಕನ್ವರ್ಟರ್ ಆಟೊಮ್ಯಾಟಿಕ್ ಇದ್ದು, ಅದಕ್ಕೆ ಹೋಂಡಾದ ಎಟಿಎಫ್ ಬೇಕಾಯಿತು. 2014ರಲ್ಲಿ ಬಂದ ತಲೆಮಾರಿನಲ್ಲಿ ಮತ್ತೆ ಸಿವಿಟಿ ಅಳವಡಿಸಿ ಎಚ್‌ಸಿಎಫ್-2 ಎಂಬ ಬೇರೆ ದ್ರವವನ್ನು ಸೂಚಿಸಲಾಯಿತು. ಆದ್ದರಿಂದ ಹಳೆಯ ಕಾರು ಖರೀದಿಸಿದವರು ಕಾರಿನ ಹೆಸರನ್ನಷ್ಟೇ ಹೇಳಿ ಆಯಿಲ್ ಕೇಳತಕ್ಕದ್ದಲ್ಲ. ನೋಂದಣಿ ಪತ್ರದಲ್ಲಿರುವ ತಯಾರಿಕೆಯ ತಿಂಗಳು, ವರ್ಷ ಮತ್ತು ಚಾಸಿ ಸಂಖ್ಯೆಯನ್ನು ಅಧಿಕೃತ ಮಾರಾಟಗಾರರಿಗೆ ತೋರಿಸಿ ಸರಿಯಾದ ಮಾನದಂಡವನ್ನು ಖಚಿತಪಡಿಸಿಕೊಳ್ಳಬಹುದು.

ಮ್ಯಾನ್ಯುಯಲ್ ಗೇರ್ ಆಯಿಲ್‌ನ ಡಬ್ಬಿಯ ಮೇಲೆ ಎರಡು ವಿವರಗಳನ್ನು ನೋಡತಕ್ಕದ್ದು. ಮೊದಲನೆಯದು 75ಡಬ್ಲ್ಯು-80, 80ಡಬ್ಲ್ಯು-90 ಎಂಬಂತಹ ಎಸ್‌ಎಇ ಸಂಖ್ಯೆ. ಇದು ಆಯಿಲ್‌ನ ಸಾಂದ್ರತೆ ಅಲ್ಲ, ಹರಿಯುವಿಕೆಯ ಮಂದತೆಯನ್ನು, ಅಂದರೆ ಸ್ನಿಗ್ಧತೆಯನ್ನು ಸೂಚಿಸುತ್ತದೆ. ಎರಡನೆಯದು ಎಪಿಐ ಜಿಎಲ್-4 ಅಥವಾ ಜಿಎಲ್-5 ಎಂಬ ಸೇವಾ ದರ್ಜೆ. ಜಿಎಲ್-5 ಎಂಬುದು ಜಿಎಲ್-4ಕ್ಕಿಂತ ಮೇಲಿನ ದರ್ಜೆ, ಆದ್ದರಿಂದ ಎಲ್ಲೆಡೆ ಹಾಕಬಹುದು ಎಂಬ ತಿಳಿವಳಿಕೆ ಸರಿಯಲ್ಲ. ಜಿಎಲ್-5 ಮುಖ್ಯವಾಗಿ ಹಿಂದಿನ ಆಕ್ಸಲ್‌ನ ಡಿಫರೆನ್ಷಿಯಲ್‌ಗಾಗಿ ಇದೆ. ಅದರಲ್ಲಿರುವ ಗಂಧಕ ಮತ್ತು ರಂಜಕದ ಸಂಯುಕ್ತಗಳ ಪ್ರಮಾಣ ಹೆಚ್ಚು. ಜಿಎಲ್-4 ಕೇಳುವ ಗೇರ್‌ಬಾಕ್ಸ್‌ಗೆ ಅದನ್ನು ಹಾಕಿದಲ್ಲಿ ಹಿತ್ತಾಳೆ ಮತ್ತು ಕಂಚಿನ ಸಿಂಕ್ರೊನೈಸರ್ ಉಂಗುರಗಳು ಸವೆಯಬಹುದು, ಗೇರ್ ಬೀಳುವಾಗ ಕಿರಿಕಿರಿ ಶಬ್ದ ಬರಬಹುದು.

5. ಟ್ರ್ಯಾಕ್ಟರ್ ಮಾಲೀಕರಿಗೆ ವಿಶೇಷ ಸೂಚನೆ

ಬಹುತೇಕ ಟ್ರ್ಯಾಕ್ಟರ್‌ಗಳಲ್ಲಿ ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಮತ್ತು ನೇಗಿಲು ಎತ್ತುವ ಹೈಡ್ರಾಲಿಕ್ ವ್ಯವಸ್ಥೆಗೆ ಒಂದೇ ಆಯಿಲ್ ಇರುತ್ತದೆ. ಆಯಿಲ್‌ನಲ್ಲಿ ಮುಳುಗಿದ ಬ್ರೇಕ್ ಇರುವ ಟ್ರ್ಯಾಕ್ಟರ್‌ಗಳಲ್ಲಿ ಅದೇ ಆಯಿಲ್ ಬ್ರೇಕ್ ತಟ್ಟೆಗಳ ನಡುವೆಯೂ ಇರುತ್ತದೆ. ಅಂದರೆ ಇಂತಹ ಟ್ರ್ಯಾಕ್ಟರ್‌ನಲ್ಲಿ ಟ್ರಾನ್ಸ್‌ಮಿಷನ್ ಆಯಿಲ್ ಬ್ರೇಕಿನದೇ ಒಂದು ಭಾಗ.

ಇದಕ್ಕಾಗಿಯೇ ಯುಟಿಟಿಒ ಎಂದು ಕರೆಯಲಾಗುವ, ಟ್ರ್ಯಾಕ್ಟರ್‌ನ ಗೇರ್, ಹೈಡ್ರಾಲಿಕ್ ಮತ್ತು ಬ್ರೇಕ್‌ಗಳಿಗೆ ಒಟ್ಟಾಗಿ ಸಲ್ಲುವ ಆಯಿಲ್ ತಯಾರಾಗುತ್ತದೆ. ಕಡಿಮೆ ಬೆಲೆಗೆ ದೊರೆಯಿತೆಂದು ಲಾರಿಯ ಡಿಫರೆನ್ಷಿಯಲ್ ಆಯಿಲ್ ಅಥವಾ ಬಳಸಿದ ಎಂಜಿನ್ ಆಯಿಲ್ ಹಾಕಿದಲ್ಲಿ ಬ್ರೇಕ್ ಹಿಡಿಯುವಾಗ ಕಿರುಚುವುದು, ನಡುಗುವುದು ಅಥವಾ ಹಿಡಿತ ಕಡಿಮೆಯಾಗುವುದು ಉಂಟಾಗುತ್ತದೆ. ಖಾಲಿ ಟ್ರ್ಯಾಕ್ಟರ್ ಓಡಿಸುವಾಗ ಈ ದೋಷ ತಿಳಿಯದೆ ಇರಬಹುದು. ಭತ್ತದ ಚೀಲಗಳನ್ನು ತುಂಬಿದ ಟ್ರೇಲರ್ ಹಿಂದಿನಿಂದ ತಳ್ಳುತ್ತಿರುವಾಗ, ಕಾಲುವೆಯ ಸೇತುವೆಯ ಇಳಿಜಾರಿನಲ್ಲಿ, ಅದು ಮೊದಲ ಬಾರಿಗೆ ಗೊತ್ತಾದರೆ ಚಾಲಕನಿಗೂ ರಸ್ತೆಯಲ್ಲಿರುವವರಿಗೂ ಅಪಾಯ ತಪ್ಪದು. ಆದ್ದರಿಂದ ಆಯಿಲ್ ಬದಲಿಸಿದ ನಂತರ ಟ್ರೇಲರ್ ಜೋಡಿಸುವ ಮೊದಲು ಸಮತಟ್ಟಾದ ಜಾಗದಲ್ಲಿ ಎರಡೂ ಬ್ರೇಕ್‌ಗಳನ್ನು ಪರೀಕ್ಷಿಸತಕ್ಕದ್ದು.

ಒಣ ಬ್ರೇಕ್ ಇರುವ ಹಳೆಯ ಟ್ರ್ಯಾಕ್ಟರ್‌ಗಳಲ್ಲಿ ಪರಿಸ್ಥಿತಿ ಇದಕ್ಕೆ ವಿರುದ್ಧವಾಗಿದೆ. ಇವುಗಳ ಬ್ರೇಕಿಗೆ ಆಯಿಲ್ ತಾಗಲೇಬಾರದು. ಆಕ್ಸಲ್‌ನ ಸೀಲ್ ಸವೆದು ಆಯಿಲ್ ಬ್ರೇಕಿಗೆ ಇಳಿದಲ್ಲಿ ಹಿಡಿತ ತಪ್ಪುತ್ತದೆ. ಚಕ್ರದ ಒಳಬದಿಯಲ್ಲಿ ಎಣ್ಣೆಯ ಪಸೆ ಕಂಡಲ್ಲಿ ತಡಮಾಡದೆ ಸೀಲ್ ಬದಲಾಯಿಸತಕ್ಕದ್ದು.

ಗಂಗಾವತಿ ಮತ್ತು ಕಾರಟಗಿ ಭಾಗದಲ್ಲಿ ಗದ್ದೆಯ ಕೆಸರು ನೀರಿನಲ್ಲಿ ಟ್ರ್ಯಾಕ್ಟರ್ ದಿನಗಟ್ಟಲೆ ದುಡಿಯುವುದರಿಂದ ಸವೆದ ಸೀಲ್‌ಗಳ ಮೂಲಕ ನೀರು ಒಳಸೇರುವ ಸಂಭವ ಹೆಚ್ಚು. ನೀರು ಬೆರೆತ ಆಯಿಲ್ ಮಜ್ಜಿಗೆಯಂತೆ ಬೆಳ್ಳಗಾಗುತ್ತದೆ. ನಾಟಿಯ ಕೆಲಸ ಮುಗಿದ ಕೂಡಲೇ ಟ್ರ್ಯಾಕ್ಟರ್ ಅನ್ನು ಒಂದು ರಾತ್ರಿ ನಿಲ್ಲಿಸಿ, ಬೆಳಿಗ್ಗೆ ತಳದ ಬಿರಡೆಯನ್ನು ಸ್ವಲ್ಪ ಸಡಿಲಿಸಿ ನೋಡಬೇಕು. ಮೊದಲು ನೀರು ಅಥವಾ ಬಿಳಿ ಆಯಿಲ್ ಬಂದಲ್ಲಿ, ಗಂಟೆಗಳ ಲೆಕ್ಕ ಇನ್ನೂ ಬಾಕಿಯಿದ್ದರೂ ಪೂರ್ತಿ ಆಯಿಲ್ ಬದಲಿಸಿ, ಸೀಲ್‌ಗಳನ್ನು ಪರಿಶೀಲಿಸತಕ್ಕದ್ದು.

6. ಮಟ್ಟ ಮತ್ತು ಸ್ಥಿತಿಯ ಪರಿಶೀಲನೆ

ಎಟಿಎಫ್ ಮಟ್ಟವನ್ನು ನೋಡುವ ವಿಧಾನ ವಾಹನದಿಂದ ವಾಹನಕ್ಕೆ ಬೇರೆಯಾಗಿರುತ್ತದೆ. ಕೆಲವು ವಾಹನಗಳಲ್ಲಿ ಎಂಜಿನ್ ಚಾಲನೆಯಲ್ಲಿರುವಾಗ, ಕೆಲವುಗಳಲ್ಲಿ ಎಂಜಿನ್ ನಿಲ್ಲಿಸಿದ ಕೂಡಲೇ ನೋಡಬೇಕಾಗುತ್ತದೆ. ಇತ್ತೀಚಿನ ಅನೇಕ ಕಾರುಗಳಲ್ಲಿ ಅಳತೆ ಕಡ್ಡಿಯೇ ಇರುವುದಿಲ್ಲ. ಅಂತಹ ವಾಹನದಲ್ಲಿ ನಿಗದಿತ ಉಷ್ಣತೆಯಲ್ಲಿ, ತಳದ ಬಿರಡೆಯ ಮೂಲಕ ಮಟ್ಟ ನೋಡುವ ಕೆಲಸವನ್ನು ತರಬೇತಿ ಪಡೆದ ಮೆಕ್ಯಾನಿಕ್‌ನಿಂದಲೇ ಮಾಡಿಸತಕ್ಕದ್ದು. ಮಟ್ಟ ಕಡಿಮೆಯಾದರೆ ಗೇರ್ ಜಾರುತ್ತದೆ. ಮಟ್ಟ ಹೆಚ್ಚಾದರೆ ತಿರುಗುವ ಭಾಗಗಳು ಆಯಿಲನ್ನು ಕಡೆದು ನೊರೆ ಏಳಿಸುವುದರಿಂದ ಒತ್ತಡ ಕುಸಿಯುತ್ತದೆ.

ಆಯಿಲ್‌ನ ಸ್ಥಿತಿಯನ್ನು ಈ ಕೆಳಕಂಡಂತೆ ಗುರುತಿಸಬಹುದು.
• ಸುಟ್ಟ ವಾಸನೆ ಮತ್ತು ಕಪ್ಪು ಬಣ್ಣ: ಕ್ಲಚ್ ತಟ್ಟೆಗಳು ಬೆಂದಿರುವ ಸೂಚನೆ.
• ಗುಲಾಬಿ ಬಣ್ಣದ ಹಾಲಿನಂತಹ ದ್ರವ: ರೇಡಿಯೇಟರ್‌ನೊಳಗಿನ ಕೂಲರ್ ಒಡೆದು ನೀರು ಸೇರಿರುವ ಸೂಚನೆ. ವಾಹನವನ್ನು ಮುಂದೆ ಓಡಿಸತಕ್ಕದ್ದಲ್ಲ.
• ಹೊಳೆಯುವ ಲೋಹದ ಚೂರುಗಳು: ಒಳಭಾಗಗಳು ಸವೆಯುತ್ತಿರುವ ಸೂಚನೆ.

ಹೊಸ ಎಟಿಎಫ್‌ನ ಕೆಂಪು ಬಣ್ಣವು ಸೋರಿಕೆಯನ್ನು ಸುಲಭವಾಗಿ ಗುರುತಿಸಲು ಬೆರೆಸಿದ ಬಣ್ಣವಷ್ಟೆ. ಎರಡು ಕೆಂಪು ದ್ರವಗಳು ಒಂದೇ ಮಾನದಂಡದವು ಎಂದು ಅದರಿಂದ ತೀರ್ಮಾನಿಸಲಾಗದು.

7. ಬದಲಾಯಿಸುವ ಅವಧಿ

ಕೈಪಿಡಿಯಲ್ಲಿ ಸಾಮಾನ್ಯ ಬಳಕೆಗೆ ಒಂದು ಅವಧಿಯನ್ನೂ ಕಠಿಣ ಬಳಕೆಗೆ ಅದಕ್ಕಿಂತ ಕಡಿಮೆ ಅವಧಿಯನ್ನೂ ನೀಡಿರುವುದುಂಟು. ಹೆಚ್ಚು ಶಾಖ, ಧೂಳು, ಭಾರ ಎಳೆಯುವುದು ಮತ್ತು ಪದೇ ಪದೇ ನಿಂತು ಚಲಿಸುವುದು ಕಠಿಣ ಬಳಕೆ ಎನಿಸುತ್ತವೆ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಈ ಜಿಲ್ಲೆಯಲ್ಲಿ, ಧೂಳಿನ ರಸ್ತೆಗಳಲ್ಲಿ ಓಡುವ ವಾಹನಗಳಿಗೆ ಕಠಿಣ ಬಳಕೆಯ ಅವಧಿಯನ್ನೇ ಅನುಸರಿಸುವುದು ಸೂಕ್ತ. ಆಯಿಲ್‌ನ ಉಷ್ಣತೆ ಪ್ರತಿ 10 ಡಿಗ್ರಿ ಏರಿದಂತೆ ಅದರ ಬಾಳಿಕೆ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ತಂತ್ರಜ್ಞರು ಬಳಸುವ ಸ್ಥೂಲ ಲೆಕ್ಕ.

ತಳದ ಬಿರಡೆ ತೆಗೆದಾಗ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನ ಎಲ್ಲ ಆಯಿಲ್ ಹೊರಬರುವುದಿಲ್ಲ. ಟಾರ್ಕ್ ಕನ್ವರ್ಟರ್ ಮತ್ತು ಕೂಲರ್‌ನಲ್ಲಿ ಗಣನೀಯ ಭಾಗ ಉಳಿಯುತ್ತದೆ. ಹೊಸದಾಗಿ ಹಾಕುವ ಆಯಿಲ್ ಹಳೆಯದರೊಂದಿಗೆ ಬೆರೆಯುವುದರಿಂದ ಎರಡೂ ಒಂದೇ ಮಾನದಂಡದವಾಗಿರುವುದು ಅವಶ್ಯ.

8. ಖರೀದಿಸುವಾಗ ಗಮನಿಸಬೇಕಾದ ಅಂಶಗಳು

(1) ಕೈಪಿಡಿಯ ಮಾನದಂಡವನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಡಬ್ಬಿಯ ಮೇಲಿನ ಅಕ್ಷರ ಮತ್ತು ಅಂಕಿಗಳೊಂದಿಗೆ ಹೋಲಿಸಿ ನೋಡತಕ್ಕದ್ದು.
(2) ಮೊಹರು ಮಾಡಿದ ಡಬ್ಬಿಯನ್ನೇ ಖರೀದಿಸತಕ್ಕದ್ದು. ಪೀಪಾಯಿಯಿಂದ ಬಿಡಿಯಾಗಿ ಅಳೆದು ಕೊಡುವ ಆಯಿಲ್‌ನ ಮೂಲವನ್ನು ತಿಳಿಯಲಾಗದು.
(3) ಕಾನೂನು ಮಾಪನ ಶಾಸ್ತ್ರ (ಪೊಟ್ಟಣ ಸಾಮಗ್ರಿಗಳು) ನಿಯಮಗಳು, 2011ರ ಪ್ರಕಾರ ಡಬ್ಬಿಯ ಮೇಲೆ ತಯಾರಕರ ಹೆಸರು ಮತ್ತು ವಿಳಾಸ, ನಿವ್ವಳ ಪ್ರಮಾಣ, ತಯಾರಿಕೆಯ ತಿಂಗಳು ಮತ್ತು ವರ್ಷ, ಗರಿಷ್ಠ ಮಾರಾಟ ಬೆಲೆ ಹಾಗೂ ಗ್ರಾಹಕರ ದೂರಿಗೆ ಸಂಪರ್ಕ ವಿವರ ಇರತಕ್ಕದ್ದು.
(4) ಮಾನದಂಡವನ್ನು ನಮೂದಿಸಿದ ರಸೀದಿಯನ್ನು ಕೇಳಿ ಪಡೆಯತಕ್ಕದ್ದು. ವಾರಂಟಿ ಅವಧಿಯಲ್ಲಿರುವ ವಾಹನಗಳಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ.
(5) ಮೆಕ್ಯಾನಿಕ್ ಆಯಿಲ್ ಹಾಕುವುದಾದಲ್ಲಿ ಡಬ್ಬಿಯನ್ನು ತಮ್ಮೆದುರೇ ತೆರೆಯುವಂತೆ ಕೋರಬಹುದು.

9. ತಪ್ಪು ಆಯಿಲ್ ಹಾಕಿದಲ್ಲಿ

ಎಂಜಿನ್ ಚಾಲನೆ ಮಾಡುವ ಮೊದಲೇ ತಿಳಿದುಬಂದಲ್ಲಿ ಚಾಲನೆ ಮಾಡಬಾರದು. ಆಯಿಲ್ ಇನ್ನೂ ಒಳಭಾಗಗಳಿಗೆ ಹರಡಿರುವುದಿಲ್ಲವಾದ್ದರಿಂದ ಹೊರತೆಗೆಯುವುದು ಸುಲಭ. ಚಾಲನೆ ಮಾಡಿದ ನಂತರ ತಿಳಿದುಬಂದಲ್ಲಿ ವಾಹನವನ್ನು ನಿಲ್ಲಿಸಿ, ಪೂರ್ಣ ಶುದ್ಧೀಕರಣಕ್ಕಾಗಿ ಕಾರ್ಯಾಗಾರಕ್ಕೆ ಸಾಗಿಸತಕ್ಕದ್ದು. ಆಟೊಮ್ಯಾಟಿಕ್ ವಾಹನವನ್ನು ಹಗ್ಗ ಕಟ್ಟಿ ಎಳೆಯಬಾರದು. ಎಂಜಿನ್ ನಿಂತಿರುವಾಗ ಗೇರ್‌ಬಾಕ್ಸ್‌ನ ಆಯಿಲ್ ಪಂಪ್ ಕೆಲಸ ಮಾಡದ ಕಾರಣ, ಎಂಜಿನ್‌ನಿಂದ ತಿರುಗುವ ಚಕ್ರಗಳು ನೆಲದ ಮೇಲೆ ಉರುಳಿದರೆ ಒಳಭಾಗಗಳು ಆಯಿಲ್ ಇಲ್ಲದೆ ಸವೆಯುತ್ತವೆ. ಸಮತಟ್ಟಾದ ಸಾಗಣೆ ವಾಹನದ ಮೇಲೆ ಏರಿಸಿ ಒಯ್ಯುವುದು ಸುರಕ್ಷಿತ.

ದೋಷಪೂರಿತ ಆಯಿಲ್ ಅಥವಾ ಸೇವೆಯಿಂದ ನಷ್ಟವಾದಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ತಾವು ವಾಸಿಸುವ ಜಿಲ್ಲೆಯ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ, ಕಾರಣ ಉಂಟಾದ ದಿನಾಂಕದಿಂದ 2 ವರ್ಷಗಳೊಳಗೆ ದೂರು ಸಲ್ಲಿಸಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ರಸೀದಿ, ಖಾಲಿ ಡಬ್ಬಿ ಮತ್ತು ಹೊರತೆಗೆದ ಆಯಿಲ್‌ನ ಮಾದರಿಯನ್ನು ಕಾಯ್ದಿರಿಸುವುದು ಉಪಯುಕ್ತ.

10. ಬಳಸಿದ ಆಯಿಲ್‌ನ ವಿಲೇವಾರಿ

ಬಳಸಿದ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಇದನ್ನು ಚರಂಡಿ, ಹಳ್ಳ ಅಥವಾ ಕಾಲುವೆಗೆ ಸುರಿಯತಕ್ಕದ್ದಲ್ಲ. ಕಾಲುವೆಯ ನೀರು ಗದ್ದೆಗೂ ಜಾನುವಾರುಗಳಿಗೂ ಬಳಕೆಯಾಗುತ್ತದೆ ಎಂಬುದನ್ನು ಮರೆಯಬಾರದು. ಹಳೆಯ ಆಯಿಲನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಸಂಗ್ರಹಿಸಿ, ಅಧಿಕೃತ ಮರುಬಳಕೆದಾರರಿಗೆ ತಲುಪಿಸುವ ಕಾರ್ಯಾಗಾರಕ್ಕೆ ನೀಡತಕ್ಕದ್ದು.

11. ಅರ್ಹತಾ ಪತ್ರಕ್ಕೆ ಅರ್ಜಿ ಸಲ್ಲಿಸುವವರಿಗೆ

ಎಫ್.ಸಿ. ಎಂದು ಕರೆಯಲಾಗುವ ಅರ್ಹತಾ ಪತ್ರದ ತಪಾಸಣೆಯಲ್ಲಿ ಬ್ರೇಕ್, ಸ್ಟೀರಿಂಗ್ ಮುಂತಾದವುಗಳನ್ನು ಪರಿಶೀಲಿಸಲಾಗುತ್ತದೆ. ಗೇರ್‌ಬಾಕ್ಸ್‌ಗೆ ಯಾವ ಆಯಿಲ್ ಹಾಕಲಾಗಿದೆ ಎಂಬುದನ್ನು ಆ ತಪಾಸಣೆಯು ತಿಳಿಸುವುದಿಲ್ಲ. ಆದ್ದರಿಂದ ಅರ್ಹತಾ ಪತ್ರ ದೊರೆತ ಮಾತ್ರಕ್ಕೆ ಆಯಿಲ್ ಸರಿಯಾಗಿದೆ ಎಂದು ಭಾವಿಸಬಾರದು. ತಪಾಸಣೆಗೆ ಮೊದಲೇ ಆಯಿಲ್ ಸೋರಿಕೆ, ಬ್ರೇಕಿನ ಹಿಡಿತ ಮತ್ತು ಪವರ್ ಸ್ಟೀರಿಂಗ್ ದ್ರವದ ಮಟ್ಟವನ್ನು ನೋಡಿಕೊಳ್ಳುವುದು ಅರ್ಜಿದಾರರ ಹಿತದೃಷ್ಟಿಯಿಂದ ಒಳ್ಳೆಯದು. ಹಳೆಯ ವಾಹನವನ್ನು ಕೊಳ್ಳುವವರು ಮಾಲೀಕತ್ವದ ವರ್ಗಾವಣೆಗೆ ಅರ್ಜಿ ಸಲ್ಲಿಸುವಾಗ, ನೋಂದಣಿ ಪತ್ರದ ಜೊತೆಯಲ್ಲಿಯೇ ಮಾಲೀಕರ ಕೈಪಿಡಿ ಮತ್ತು ಸರ್ವಿಸ್ ದಾಖಲೆಗಳನ್ನೂ ಮಾರಾಟಗಾರರಿಂದ ಕೇಳಿ ಪಡೆಯತಕ್ಕದ್ದು.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕೈಪಿಡಿ ಕಳೆದುಹೋಗಿದೆ. ಏನು ಮಾಡಬೇಕು?
ಉತ್ತರ: ಅನೇಕ ತಯಾರಕರ ಅಧಿಕೃತ ವೆಬ್‌ಸೈಟ್‌ಗಳಲ್ಲಿ ಕೈಪಿಡಿ ದೊರೆಯುತ್ತದೆ. ಇಲ್ಲವಾದಲ್ಲಿ ಚಾಸಿ ಸಂಖ್ಯೆಯೊಂದಿಗೆ ಅಧಿಕೃತ ಮಾರಾಟಗಾರರನ್ನು ಸಂಪರ್ಕಿಸುವುದು.

ಪ್ರಶ್ನೆ: ಎಲ್ಲ ವಾಹನಗಳಿಗೂ ಸಲ್ಲುತ್ತದೆ ಎಂದು ಬರೆದಿರುವ ಎಟಿಎಫ್ ಬಳಸಬಹುದೇ?
ಉತ್ತರ: ತಮ್ಮ ವಾಹನದ ಮಾನದಂಡದ ಹೆಸರು ಆ ಡಬ್ಬಿಯ ಪಟ್ಟಿಯಲ್ಲಿ ಸ್ಪಷ್ಟವಾಗಿ ಇದ್ದಲ್ಲಿ ಮಾತ್ರ ಪರಿಗಣಿಸಬಹುದು. ವಾರಂಟಿ ಅವಧಿಯಲ್ಲಿ ತಯಾರಕರು ಸೂಚಿಸಿದ ಆಯಿಲ್ ಬಳಸುವುದು ಸುರಕ್ಷಿತ.

ಪ್ರಶ್ನೆ: ಬೇಸಿಗೆಯ ಬಿಸಿಲು ಹೆಚ್ಚಿರುವುದರಿಂದ ಹೆಚ್ಚು ಮಂದವಾದ ಆಯಿಲ್ ಹಾಕಬಹುದೇ?
ಉತ್ತರ: ಕೈಪಿಡಿಯಲ್ಲಿ ಅವಕಾಶವಿದ್ದಲ್ಲಿ ಮಾತ್ರ. ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನ ಕವಾಟಗಳು ನಿಗದಿತ ಸ್ನಿಗ್ಧತೆಗೆ ತಕ್ಕಂತೆ ಕೆಲಸ ಮಾಡುತ್ತವೆ.

ಪ್ರಶ್ನೆ: ಸರಿಯಾದ ಆಯಿಲ್ ಊರಿನ ಅಂಗಡಿಯಲ್ಲಿ ಸಿಗದಿದ್ದಲ್ಲಿ?
ಉತ್ತರ: ಸೋರಿಕೆ ಇಲ್ಲದೆ, ಮಟ್ಟ ಸರಿಯಿದ್ದಲ್ಲಿ ಕೆಲವು ದಿನ ಕಾಯ್ದು ಸರಿಯಾದುದನ್ನೇ ತರಿಸುವುದು ಲೇಸು. ಇದ್ದ ಆಯಿಲ್ ಸ್ವಲ್ಪ ಹಳೆಯದಾದರೂ, ತಪ್ಪು ಮಾನದಂಡದ ಹೊಸ ಆಯಿಲ್‌ಗಿಂತ ಅದೇ ಮೇಲು.

ವಾಹನ ಮಾಲೀಕರು ತಮ್ಮ ವಾಹನದ ಟ್ರಾನ್ಸ್‌ಮಿಷನ್ ಆಯಿಲ್‌ನ ಮಾನದಂಡ, ಪ್ರಮಾಣ ಮತ್ತು ಹಿಂದಿನ ಬಾರಿ ಬದಲಿಸಿದ ದಿನಾಂಕವನ್ನು ಒಂದು ಚೀಟಿಯಲ್ಲಿ ಬರೆದು ನೋಂದಣಿ ಪತ್ರದೊಂದಿಗೆ ಇಟ್ಟುಕೊಳ್ಳಲು ಕೋರಲಾಗಿದೆ.